ಬಟ್ಟಲ ಮೇಲಿನ ಕೈ

ಜೂನ್ ೪

ಅಕ್ಕಾ,

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನೀನು ನಗುತ್ತೀಯ, ನಗು. ನಿನ್ನ ಫೋನ್ ಬಂದಾಗಲೆಲ್ಲ ನಮ್ಮವರು ಸ್ಪೀಕರ್ ಹಾಕಿ ಮೇಜಿನ ಮಧ್ಯೆ ಇಡುತ್ತಾರೆ, ಅತ್ತೆಯೂ ಬಂದು ಕೂರುತ್ತಾರೆ. ಆಮೇಲೆ ನಾನು ಹವಾಮಾನ ವರದಿ ಓದುವವಳ ಹಾಗೆ ಮಾತಾಡುತ್ತೇನೆ. ಅವರದೇನೂ ಕೆಟ್ಟ ಉದ್ದೇಶವಲ್ಲ, ಈ ಮನೆಯ ಪದ್ಧತಿಯೇ ಹಾಗೆ. ಆದರೂ ನಿನ್ನ ಹತ್ತಿರ ನಾಲ್ಕು ಮಾತು ಗುಟ್ಟಾಗಿ ಆಡಬೇಕೆನಿಸಿತು. ಉತ್ತರವನ್ನು ಲಕೋಟೆಯ ಹಿಂದಿರುವ ವಿಳಾಸಕ್ಕೆ ಹಾಕು. ಅದು ನಮ್ಮ ಬೀದಿಯ ದರ್ಜಿ ಅಮ್ಮನ ಅಂಗಡಿ. ಬಟ್ಟೆ ಸರಿಮಾಡಿಸುವ ನೆಪದಲ್ಲಿ ಆಗಾಗ ಬರಬಹುದು. ಇದನ್ನೂ ಅವರ ಮೇಜಿನ ಮೂಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅವರು ಕಾಜು ಹೊಲಿಯುತ್ತ ಕಂಡೂ ಕಾಣದ ಹಾಗಿದ್ದಾರೆ.

ಸುದ್ದಿ ಏನೆಂದರೆ, ನಾನು ಜಪಾನಿ ಹೋಟೆಲಿನಲ್ಲಿ ಊಟ ಮಾಡಿ ಬಂದೆ. ಹೋಟೆಲುಗಳ ಗಾಜಿನ ಕಿಟಕಿಗೆಂದು ನೀನು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಊಟ ಮಾಡುತ್ತೀಯಲ್ಲ, ಅದರ ನಿಜವಾದದ್ದು. ನಮ್ಮವರು ವಿಮೆ ಕಚೇರಿಯ ಕೆಲಸದ ಜೊತೆಗೆ ಹೋಟೆಲುಗಳ ಬಗ್ಗೆ ಬರೆಯುತ್ತಾರೆಂದು ನಿನಗೆ ಗೊತ್ತೇ ಇದೆ. ಈಗ ಸಾವಿರಾರು ಜನ ಓದುತ್ತಾರಂತೆ. ಈ ವರ್ಷ ಪೂರ್ತಿ ದೂರದೇಶಗಳ ಊಟ ಎಂದು ತೀರ್ಮಾನಿಸಿದ್ದಾರೆ. ಜಪಾನಿ, ಥಾಯ್, ಕೊರಿಯನ್, ಎಲ್ಲ ಸರದಿಯಲ್ಲಿದೆ.

ಕೂತ ತಕ್ಷಣ ಒಂದು ಬಿಳಿ ಸುರುಳಿ ತಂದಿಟ್ಟರು, ಹಬೆಯಾಡುತ್ತಿತ್ತು. ಮೊದಲ ತಿಂಡಿ ಇದೇ ಇರಬೇಕೆಂದು ಊಟದ ಕಡ್ಡಿ ಎತ್ತಿಕೊಂಡೆ. ಅದು ಕೈ ಒರೆಸಿಕೊಳ್ಳುವ ಬಟ್ಟೆ. ಬಡಿಸುವ ಹುಡುಗಿ ತುಟಿ ಕಚ್ಚಿಕೊಂಡು ಒಳಗೆ ಓಡಿದಳು. ನೀನಿದ್ದಿದ್ದರೆ ಕಡ್ಡಿಗೇ ಕಡ್ಡಿ ಹಿಡಿಯಲು ಬರುವುದಿಲ್ಲ ಎಂದು ನನ್ನ ಮಾನ ಕಳೆಯುತ್ತಿದ್ದೆ. ಆಮೇಲೆ ಸುಶಿ ಬಂತು, ಅನ್ನದ ಉಂಡೆಯ ಮೇಲೆ ಹಸಿ ಮೀನು ಹೊದಿಸಿದ್ದು. ಮೀನಿನಲ್ಲಿ ಸಮುದ್ರದ ಒಂದು ಸಂಯಮವಿದೆ, ಅನ್ನದ ಹುಳಿಯಲ್ಲಿ ಲಯವಿದೆ, ಕೊನೆಗೆ ನಾಲಿಗೆಯ ಮೇಲೆ ಆಳವೊಂದು ಉಳಿಯುತ್ತದೆ.

ನಾನು ಚೆನ್ನಾಗಿದ್ದೇನೆ. ಈ ವಾರವೂ ಹೋಗುತ್ತೇವೆ.

ನಿನ್ನ,
ಕಡ್ಡಿ


ಜೂನ್ ೧೭

ಲೇ ಕಡ್ಡಿ,

ಸಮುದ್ರದ ಸಂಯಮವಂತೆ, ಅನ್ನದ ಲಯವಂತೆ. ಮದುವೆಗೆ ಮೊದಲು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಾಗ ಏನು ಕೊಟ್ಟರೂ 'ಸೂಪರ್' ಅಥವಾ 'ಥೂ' ಎಂಬ ಎರಡೇ ಮಾತು ಗೊತ್ತಿದ್ದವಳು ನೀನು. ದೊಡ್ಡವರ ಸಹವಾಸದಲ್ಲಿ ನಾಲಿಗೆಗೆ ಸಾಣೆ ಹಿಡಿಸಿಕೊಂಡಿದ್ದೀಯ. ಹೊಟ್ಟೆ ಉರಿಯುತ್ತಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಾನಿಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಸುಳ್ಳು ಅನ್ನದ ಅಗುಳುಗಳನ್ನು ಗೋಂದಿನಲ್ಲಿ ಕಲಸುತ್ತೇನೆ, ನೀನು ನಿಜವಾದದ್ದನ್ನು ಬಾಯಿಗೆ ಹಾಕಿಕೊಂಡು ಲಯ ಹುಡುಕುತ್ತೀಯ.

ಆದರೆ ನಾನೇನೂ ಕಡಿಮೆಯಲ್ಲ. ಹೋದ ಭಾನುವಾರ ಕಾರ್ಖಾನೆಯ ಯಜಮಾನರು ನಮಗೆಲ್ಲ ಜಪಾನಿ ಊಟ ಕೊಡಿಸಿದರು. ಇಷ್ಟು ವರ್ಷ ಇದನ್ನೇ ಮಾಡಿದ್ದೀರಿ, ಒಮ್ಮೆ ತಿಂದೂ ನೋಡಿ ಎಂದರು. ತಟ್ಟೆ ಬಂದ ಕೂಡಲೇ ನಮ್ಮ ಸಾಲಿನಲ್ಲಿ ಕೂತವರೆಲ್ಲ ಒಟ್ಟಿಗೆ ಏನು ಮಾಡಿದೆವು ಗೊತ್ತೇ? ಸಿಗಡಿಯನ್ನು ಉಗುರಿನಿಂದ ತಟ್ಟಿದೆವು. ಒಳಗೆ ಗುಳ್ಳೆ ಇದ್ದರೆ ಟೊಳ್ಳು ಸದ್ದು ಬರುತ್ತದೆ, ಅಂಥದನ್ನು ವಾಪಸು ಹಾಕಬೇಕು, ಅದು ನಮ್ಮ ರೂಢಿ. ಸಿಗಡಿ ಮೆತ್ತಗಿತ್ತು. ಪಕ್ಕದ ಮಂಚದವಳು, ಅಂದರೆ ನನ್ನ ಕೋಣೆಯ ಜೊತೆಗಾತಿ, "ಇದು ಇನ್ನೂ ಗಟ್ಟಿಯಾಗಿಲ್ಲ" ಎಂದುಬಿಟ್ಟಳು. ಮೇಸ್ತ್ರಿ ಮೀನನ್ನು ಬೆಳಕಿಗೆ ಹಿಡಿದು ಹೊಳಪು ಸಾಲದೆಂದು ಮೂಗು ಮುರಿದ. ನನ್ನ ಕಥೆ ಇನ್ನೂ ಚೆಂದ. ತಟ್ಟೆಯ ಮೂಲೆಯಲ್ಲಿ ವಸಾಬಿ ಎಂಬ ಹಸಿರು ಮುದ್ದೆ ಇರುತ್ತದಲ್ಲ, ರಸ್ತೆಯಿಂದ ಕಾಣಲೆಂದು ನಾವು ಅದನ್ನು ನಿಂಬೆಹಣ್ಣಿನಷ್ಟು ದಪ್ಪ ಮಾಡುತ್ತೇವೆ. ನಿಜವಾದದ್ದು ಗೋಲಿಯಷ್ಟಿತ್ತು. ಇಷ್ಟೇ ಇಷ್ಟು ಏನು ಮಾಡೀತೆಂದು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ನೆತ್ತಿಯವರೆಗೆ ಹತ್ತಿತು. ಎಲ್ಲರೂ ನೀರು ಹಿಡಿದುಕೊಂಡು ಸುತ್ತ ನಿಂತರು. ರುಚಿ ಹೇಗಿತ್ತೆಂದು ಕೇಳಬೇಡ, ಉರಿ ಮಾತ್ರ ಗೊತ್ತಾಯಿತು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಇನ್ನು ಮುಂದೆ ತಿಂದದ್ದನ್ನೆಲ್ಲ ನನಗೆ ವಿವರವಾಗಿ ಬರೆ. ಲಯ ಗಿಯ ಬೇಡ. ಉಪ್ಪು ಎಷ್ಟು, ಸಿಹಿ ಎಲ್ಲಿ, ಮೂಗಿಗೆ ಮೊದಲು ಏನು ಬಡಿಯಿತು, ನುಂಗಿದ ಮೇಲೆ ಏನು ಉಳಿಯಿತು. ಈ ಸಾಲಿನಲ್ಲಿ ಅರ್ಧ ತಮಾಷೆ, ಅರ್ಧ ನಿಜ.

ಅಕ್ಕ


ಜುಲೈ ೫

ಅಕ್ಕಾ,

ನಿನ್ನ ಕಾಗದ ಓದಿ ದರ್ಜಿ ಅಮ್ಮನ ಮುಂದೆಯೇ ನಕ್ಕೆ. ಅವರು ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದರು. ಈ ಅಂಗಡಿಯಲ್ಲಿ ನಾನು ನಕ್ಕದ್ದು ಇದೇ ಮೊದಲಂತೆ.

ಈ ಸಲ ಎರಡು ಊಟದ ವರದಿ. ಒಂದು ಥಾಯ್ ಹೋಟೆಲು. ತೆಂಗಿನ ಹಾಲಿನ ಹಸಿರು ಗೊಜ್ಜು, ಮೇಲೆ ಎಣ್ಣೆ ಬೇರೆಯಾಗಿ ಹೊಳೆಯುತ್ತಿತ್ತು, ಅಂಚಿನಲ್ಲಿ ಕೆನೆಗಟ್ಟಿತ್ತು. ಇನ್ನೊಂದು ಜಪಾನಿ ರಾಮೆನ್, ದೊಡ್ಡ ಬಟ್ಟಲಿನಲ್ಲಿ ರಸ, ರಸದಲ್ಲಿ ನೂಡಲ್ಸ್. ನೂಡಲ್ಸ್ ದಪ್ಪಗೆ ಹಗ್ಗದ ಹಾಗಿತ್ತು, ಕಡ್ಡಿಯಲ್ಲಿ ಎತ್ತಿದರೆ ತುಂಡಾಗುತ್ತಿತ್ತು. ಅರ್ಧ ಮೊಟ್ಟೆಯ ಹಳದಿಯ ಮೇಲೆ ತೆಳ್ಳಗೆ ಪೊರೆ. ಪಕ್ಕದಲ್ಲಿ ನೆಟ್ಟಗೆ ನಿಲ್ಲಬೇಕಾದ ಕಡಲಪಾಚಿಯ ಹಾಳೆ ರಸದಲ್ಲಿ ಮುಳುಗಿ ಒದ್ದೆ ಕಾಗದದಂತೆ ತೇಲುತ್ತಿತ್ತು. ಉಪ್ಪು ಸರಿಯಾಗಿತ್ತು. ರಸದಲ್ಲಿ ಪ್ರೌಢಿಮೆ ಇತ್ತು.

ನಿನಗೊಂದು ವಿಷಯ ಹೇಳಿಲ್ಲ. ನಿನ್ನ ತಂಗಿ ಈಗ ಹೆಸರುವಾಸಿ. ಹೆಸರಿಲ್ಲದ ಹೆಸರುವಾಸಿ ಅನ್ನು. ನಮ್ಮವರ ಬರಹದ ಜೊತೆ ಹಾಕುವ ಪ್ರತಿ ಚಿತ್ರದಲ್ಲೂ ಬಟ್ಟಲ ಮೇಲೆ ಕಡ್ಡಿ ಹಿಡಿದ ಕೈಯೊಂದು ಇರುತ್ತದೆ. ಅದು ನನ್ನದು. 'ಆ ಕೈ ಯಾರದು' ಎಂದು ಓದುಗರು ಕೇಳುತ್ತಾರೆ, ಇವರು ಹೇಳುವುದಿಲ್ಲ, ಗುಟ್ಟಿದ್ದರೇ ಚೆಂದವಂತೆ. ಮನೆಯಲ್ಲೂ ಆ ಕೈಗೆ ರಾಜಮರ್ಯಾದೆ. ಎಣ್ಣೆ ಹಚ್ಚಿ ಕೈಗವಸು ತೊಡಿಸಿ ಇಟ್ಟುಕೊಳ್ಳಬೇಕು. ಚಾಕು ಮುಟ್ಟುವಂತಿಲ್ಲ, ಒಲೆಯ ಹತ್ತಿರ ಹೋಗುವಂತಿಲ್ಲ. ತರಕಾರಿ ಅತ್ತೆಯೇ ಹೆಚ್ಚುತ್ತಾರೆ. "ನೀನು ಕೈ ನೋಡಿಕೊಂಡು ಕೂತಿರು ತಾಯಿ" ಎನ್ನುತ್ತಾರೆ. ಎಷ್ಟು ಜನರಿಗೆ ಇಂಥ ಭಾಗ್ಯ ಇದೆ ಹೇಳು.

ಕಡ್ಡಿ


ಜುಲೈ ೧೮

ಕಡ್ಡಿ,

ನಿನ್ನ ರಾಮೆನ್ ವರದಿಯನ್ನು ಕೆಲಸದ ನಡುವೆ ಓದಿದೆ, ಕುಂಚ ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಹೇಗೆಂದರೆ, ಹೋಟೆಲಿನವರು ನಿಜವಾದ ಬಟ್ಟಲನ್ನು ಬಿಸಿಬಿಸಿಯಾಗಿ ತಂದಿಡುತ್ತಾರೆ. ಅದರ ಅಚ್ಚು ತೆಗೆಯಲು ನಾವು ಓಡಾಡಬೇಕು. ಮೊದಲು ಕಡಲಪಾಚಿ ಬಾಗುತ್ತದೆ. ಆಮೇಲೆ ಮೊಟ್ಟೆ ಪೊರೆ ಕಟ್ಟುತ್ತದೆ. ನೂಡಲ್ಸ್ ಊದಿಕೊಂಡು ತುಂಡಾಗುವ ಹೊತ್ತಿಗೆ ಮೇಸ್ತ್ರಿ ಆ ಬಟ್ಟಲನ್ನು ಚರಂಡಿಗೆ ಸುರಿದು ಹೊಸದು ತರಿಸುತ್ತಾನೆ. ನೀನು ಬರೆದದ್ದು ಆ ಚರಂಡಿಗೆ ಹೋಗುವ ಬಟ್ಟಲು. ಅಷ್ಟು ಹೊತ್ತು ಊಟವನ್ನು ಮುಂದಿಟ್ಟುಕೊಂಡು ಏನು ಮಾಡುತ್ತಿದ್ದೆ? ನಮ್ಮ ಮನೆಯಲ್ಲಿ ಪಾತ್ರೆ ಇಳಿಸುವ ಮೊದಲೇ ಕೈ ಹಾಕುತ್ತಿದ್ದವಳು ನೀನು.

ರಾತ್ರಿಯಿಡೀ ಯೋಚಿಸಿ ಕೊನೆಗೆ ಹೊಳೆಯಿತು. ಊಟ ಸೇರುವುದಿಲ್ಲ, ಒಲೆಯ ಹತ್ತಿರ ಬಿಡುವುದಿಲ್ಲ, ಅತ್ತೆ ಕೂರಿಸಿ ಉಪಚಾರ ಮಾಡುತ್ತಾರೆ. ಏನೇ, ವಿಶೇಷವೇ? ನನ್ನ ಹತ್ತಿರವೂ ಮುಚ್ಚಿಡುತ್ತೀಯಾ? ಮೂರು ತಿಂಗಳು ತುಂಬುವವರೆಗೆ ಹೇಳಬಾರದೆಂದು ಅತ್ತೆ ಹೇಳಿರಬೇಕು, ಇರಲಿ. ನಾನು ಈಗಲೇ ಒಂದು ಚಿಕ್ಕ ಕುಲಾವಿ ಹೆಣೆಯಲು ಶುರು ಮಾಡಿದ್ದೇನೆ. ಹಳದಿ ಬಣ್ಣ, ಮೊಟ್ಟೆಯ ಹಳದಿ, ಇಲ್ಲಿ ಅದೊಂದು ಬಣ್ಣ ನನ್ನ ಕೈಗೆ ಹತ್ತಿಬಿಟ್ಟಿದೆ.

ಪಕ್ಕದ ಮಂಚದವಳ ಫೋನಿನಲ್ಲಿ ನಿನ್ನ ಕೈಯ ಚಿತ್ರಗಳನ್ನೂ ನೋಡಿದೆ. ಚೆನ್ನಾಗಿದೆ, ನಮ್ಮ ಕಾರ್ಖಾನೆಯದೇ ಮಾಲು ಅನ್ನಬೇಕು. ಆದರೆ ಹೆಬ್ಬೆರಳ ಬುಡದ ಸುಟ್ಟ ಕಲೆ ಎಲ್ಲಿ? ಅಮ್ಮ ಅನ್ನದ ಪಾತ್ರೆ ಇಳಿಸುವ ಮೊದಲೇ ನಾವಿಬ್ಬರೂ ಮುಚ್ಚಳಕ್ಕೆ ಕೈ ಹಾಕಿದ್ದೆವಲ್ಲ, ನನ್ನ ಎಡಗೈಯಲ್ಲಿ ಅದು ಇನ್ನೂ ಇದೆ. ಬೇರೆ ಯಾರದೋ ಕೈ ನೋಡಿದ ಹಾಗಾಯಿತು.

ಬೇಗ ಬರೆ. ಒಂದೇ ಸಾಲು ಸಾಕು, ಹೌದು ಅಂತ.

ಅಕ್ಕ


ಆಗಸ್ಟ್ ೨೬

ಕಡ್ಡಿ,

ಒಂದು ಸಾಲು ಕೇಳಿದ್ದೆ, ಅದೂ ಬರಲಿಲ್ಲ. ಫೋನ್ ಮಾಡಿದರೆ ನಿನ್ನ ಅತ್ತೆ ಎತ್ತಿ, ಎಲ್ಲರೂ ಕ್ಷೇಮ, ಅವಳು ಮಲಗಿದ್ದಾಳೆ ಎಂದರು. ಹಾಡುಹಗಲು. ನಾನು ಕೇಳಬಾರದ್ದನ್ನು ಕೇಳಿದೆನೋ, ಅಥವಾ ಇದ್ದದ್ದು ಇಲ್ಲವಾಯಿತೋ ಎಂದು ಜೀವ ಹೊಡೆದುಕೊಳ್ಳುತ್ತಿದೆ. ಕುಲಾವಿಯನ್ನು ಅರ್ಧಕ್ಕೇ ನಿಲ್ಲಿಸಿದ್ದೇನೆ. ತಪ್ಪಾಗಿದ್ದರೆ ಬೈದಾದರೂ ಬರೆ.

ನೀನು ಬಾಯಿ ಬಿಡಲಿ ಎಂದು ನಾನೇ ಮೊದಲು ಬಿಡುತ್ತೇನೆ. ಹೋದ ವಾರ ಕೋಣೆಯಲ್ಲಿ ಟೀಗೆ ನೀರಿಟ್ಟೆ. ಒಲೆ ಹೊತ್ತಿಕೊಂಡಿರಲಿಲ್ಲ, ಗ್ಯಾಸ್ ಸೋರುತ್ತಲೇ ಇತ್ತು. ನಾನು ಅದರ ಪಕ್ಕದಲ್ಲೇ ಕೂತು ಕುಲಾವಿ ಹೆಣೆಯುತ್ತಿದ್ದೆ. ಪಕ್ಕದ ಮಂಚದವಳು ಬಾಗಿಲು ತೆರೆದವಳೇ ಕಿರುಚಿಕೊಂಡು ನನ್ನನ್ನು ಹೊರಗೆ ಎಳೆದಳು. "ನಿನಗೆ ಮೂಗಿಲ್ವಾ?" ಎಂದು ಕೇಳಿದಳು.

ಇಲ್ಲ. ಎರಡು ವರ್ಷವಾಯಿತು. ಬಣ್ಣದ ಹೊಗೆ, ವಾರ್ನಿಷ್ ಹೊಗೆ, ಯಾವುದು ತಿಂದಿತೋ ಗೊತ್ತಿಲ್ಲ. ವಾಸನೆ ಹೋಯಿತು, ಅದರ ಹಿಂದೆಯೇ ರುಚಿಯೂ ಹೋಯಿತು. ಉಪ್ಪು, ಸಿಹಿ ಇಷ್ಟಿಷ್ಟು ತಿಳಿಯುತ್ತದೆ, ಉಳಿದಂತೆ ಎಲ್ಲವೂ ಒದ್ದೆ ಹತ್ತಿ. ಯಜಮಾನರ ಊಟದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದರೆ ನಾನು ಹತ್ತಿ ಜಗಿಯುತ್ತಿದ್ದೆ. ಅದಕ್ಕೇ ನಿನಗೆ ರುಚಿ ಬರೆ ಎಂದು ಗಂಟುಬಿದ್ದದ್ದು. ನೀನು ಬರೆದರೆ ನೆನಪಾದೀತು ಎಂದು ಆಸೆ. ಬೇರೆ ಯಾವ ಕೆಲಸವೂ ನನಗೆ ಗೊತ್ತಿಲ್ಲ, ಮೂಗಿಲ್ಲದವಳನ್ನು ಅಡುಗೆಗೂ ಯಾರು ಕರೆದಾರು. ಆದ್ದರಿಂದ ಇಲ್ಲೇ ಇದ್ದೇನೆ. ಅಳಬೇಡ, ನಾನೂ ಅತ್ತಿಲ್ಲ.

ಈಗ ನಿನ್ನ ಸರದಿ.

ಅಕ್ಕ


ಸೆಪ್ಟೆಂಬರ್ ೧೪

ಅಕ್ಕಾ,

ವಿಶೇಷ ಏನೂ ಇಲ್ಲ. ನಿನ್ನ ಜುಲೈ ಕಾಗದ ಓದಿ ಎರಡು ವಾರ ದರ್ಜಿ ಅಮ್ಮನ ಅಂಗಡಿಗೇ ಹೋಗಲಿಲ್ಲ. ನೀನು ಸಂತೋಷವಾಗಿ ಬರೆದಿದ್ದೆ, ಅದಕ್ಕೆ ಏನು ಉತ್ತರ ಬರೆಯಲಿ. ಆಮೇಲೆ ಹೋಗೋಣವೆಂದರೆ ನೆಪ ಮುಗಿದಿತ್ತು. ಇದ್ದಬದ್ದ ಬಟ್ಟೆಗಳನ್ನೆಲ್ಲ ಒಮ್ಮೆ ಬಿಗಿ ಮಾಡಿಸಿ ಒಮ್ಮೆ ಸಡಿಲ ಮಾಡಿಸಿ ಆಗಿದೆ. ಇವತ್ತು ಬಂದಾಗ ನಿನ್ನ ಎರಡನೆಯ ಕಾಗದವನ್ನು ಅವರೇ ಕೈಗಿಟ್ಟು, ಒಳಗಿನ ಕೋಣೆಯಲ್ಲಿ ಕೂತು ಓದು ಎಂದರು. ಮೂಗಿನ ವಿಷಯವನ್ನು ಎರಡೆರಡು ಸಲ ಓದಿದೆ. ನೀನು ಅಳಬೇಡ ಎಂದು ಬರೆದ ಜಾಗದಲ್ಲೇ ಅತ್ತುಬಿಟ್ಟೆ.

ನಿನಗೆ ಮೋಸ ಮಾಡಿದೆ ಅನಿಸುತ್ತಿದೆ. ನಾನು ಬರೆದ ಸಂಯಮ, ಆಳ, ಪ್ರೌಢಿಮೆ ಎಲ್ಲ ನಮ್ಮವರ ಮಾತುಗಳು. ನನಗೆ ಆ ರುಚಿಗಳು ಗೊತ್ತೇ ಇಲ್ಲ.

ನಡೆಯುವುದು ಹೀಗೆ. ಏನು ತಿನ್ನಬೇಕೆಂದು ಅವರೇ ಹೇಳುತ್ತಾರೆ. ಊಟ ಬರುತ್ತದೆ. ನಾನು ನೂಡಲ್ಸನ್ನು ಕಡ್ಡಿಯಲ್ಲಿ ಎತ್ತಿ ಬಟ್ಟಲ ಮೇಲೆ ಹಿಡಿಯಬೇಕು. ಅವರು ದೀಪ ಸರಿಸುತ್ತಾರೆ, ಲೋಟ ಸರಿಸುತ್ತಾರೆ, ಕುರ್ಚಿ ಹತ್ತಿ ಮೇಲಿನಿಂದ ತೆಗೆಯುತ್ತಾರೆ. "ಇನ್ನೊಂದೇ ಒಂದು, ಅಲ್ಲಾಡಿಸ್ಬೇಡ" ಎನ್ನುತ್ತಾರೆ. ಗದರುವುದಿಲ್ಲ, ಯಾವತ್ತೂ ಗದರಿಲ್ಲ. ಹಬೆ ನನ್ನ ಮುಖಕ್ಕೆ ಬಡಿಯುತ್ತಿರುತ್ತದೆ, ಬಾಯಲ್ಲಿ ನೀರೂರುತ್ತಿರುತ್ತದೆ, ಹೊಟ್ಟೆ ಗುರುಗುಟ್ಟಿದರೆ ಅದಕ್ಕೂ ನಗುತ್ತಾರೆ. ಹಬೆ ನಿಲ್ಲುತ್ತದೆ. ಆಮೇಲೆ ಅವರಿಗೆ ಇನ್ನೊಂದು ಬಿಸಿ ಬಟ್ಟಲು ಬರುತ್ತದೆ, ರುಚಿ ನೋಡಿ ಬರೆಯಬೇಕಲ್ಲ. ಚಿತ್ರದ ಬಟ್ಟಲು ನನಗೆ. ಜಪಾನಿ, ಥಾಯ್, ಕೊರಿಯನ್, ಎಲ್ಲದರ ರುಚಿಯೂ ನನಗೆ ಒಂದೇ, ತಣ್ಣಗೆ. ಆ ಮೊದಲ ಹೋಟೆಲಿನಲ್ಲಿ ನನಗೆ ಬಿಸಿಯಾಗಿ ಸಿಕ್ಕಿದ್ದು ಕೈ ಒರೆಸುವ ಬಟ್ಟೆ ಒಂದೇ ಅಕ್ಕಾ.

ಯಾರ ಹತ್ತಿರ ದೂರು ಹೇಳಲಿ? ಹೊಡೆಯುವುದಿಲ್ಲ, ಬೈಯುವುದಿಲ್ಲ, ವಾರಕ್ಕೊಂದು ಹೋಟೆಲಿಗೆ ಕರೆದೊಯ್ಯುತ್ತಾರೆ. ಊಟ ಆರಿತ್ತು ಎಂದರೆ ಜನ ನಗುತ್ತಾರೆ. ಬೇಕರಿಗೆ ವಾಪಸು ಹೋಗುತ್ತೇನೆಂದು ಒಮ್ಮೆ ಕೇಳಿದ್ದೆ. ಒಲೆಯ ಹತ್ತಿರ ಈ ಕೈಯಾ ಎಂದು ನಕ್ಕು ಮುತ್ತಿಟ್ಟರು, ಕೈಗೆ. ಇಡೀ ದಿನ ಕೈಗವಸು ತೊಟ್ಟು ಮಂಚದ ಮೇಲೆ ಕೂತಿರುತ್ತೇನೆ.

ಈಗ ಅವರ ಬರಹಗಳು ಪುಸ್ತಕವಾಗುತ್ತಿವೆ. ಮುಖಪುಟಕ್ಕೆ ಈ ಕೈ. ಚಿತ್ರದಲ್ಲಿ ಕಲೆಯನ್ನು ಪ್ರತಿಸಲ ಅಳಿಸುವುದು ತಲೆನೋವಂತೆ, ಅದಕ್ಕೆ ಚರ್ಮದ ವೈದ್ಯರ ಹತ್ತಿರ ಮಾತಾಡಿದ್ದಾರೆ. ಮುಂದಿನ ತಿಂಗಳ ಕೊನೆಗೆ ಕೊಯ್ದು ತೆಗೆಯುತ್ತಾರೆ. "ನಿನಗೆ ಬೇಡ ಅಂದ್ರೆ ಬೇಡ" ಎಂದರು. ನಾನು ಸುಮ್ಮನಿದ್ದೆ. ಅವರು ಅದನ್ನೇ ಒಪ್ಪಿಗೆ ಅಂದುಕೊಂಡರು. ಇಷ್ಟಕ್ಕೂ ಒಂದು ಚೂರು ಚರ್ಮ ತಾನೆ.

ಕಡ್ಡಿ


ಸೆಪ್ಟೆಂಬರ್ ೨೫

ಕಡ್ಡಿ,

ಒಂದು ಚೂರು ಚರ್ಮ ಅಲ್ಲ. ಆದರೆ ಅದರ ಬಗ್ಗೆ ಬರೆದರೆ ನಾನು ಕೂಗಾಡುತ್ತೇನೆ, ಬೇಡ.

ಬಾ ಎಂದು ಕರೆಯುವ ಮೊದಲು ಇಲ್ಲಿ ಏನಿದೆ ಎಂದು ಹೇಳಬೇಕು. ಕೋಣೆಗೆ ಕಿಟಕಿ ಇಲ್ಲ. ಪಕ್ಕದ ಮಂಚದವಳು ಗೊರಕೆ ಹೊಡೆಯುತ್ತಾಳೆ. ನಿನಗೆ ನೆಲದ ಮೇಲೆ ಹಾಸಿಗೆ. ಸ್ನಾನಕ್ಕೆ ಸರದಿ ನಿಲ್ಲಬೇಕು. ಕಾರ್ಖಾನೆಯಲ್ಲಿ ನಿನಗೆ ಕೆಲಸ ಕೊಡಿಸುವುದಿಲ್ಲ, ನಿನ್ನ ಮೂಗಾದರೂ ಉಳಿಯಲಿ. ಬೀದಿಯ ಕೊನೆಯಲ್ಲಿ ಒಂದು ನೂಡಲ್ಸ್ ಅಂಗಡಿಯಿದೆ, ಅಲ್ಲಿ ಕೈಯಾಳು ಬೇಕೆಂದು ಬರೆದು ಅಂಟಿಸಿದ್ದಾರೆ. ಇಷ್ಟೇ. ಇದನ್ನು ಸ್ವರ್ಗ ಎಂದು ನಂಬಿಸಿ ಕರೆಸಿಕೊಂಡರೆ ನಿನ್ನ ಗಂಡನಿಗೂ ನನಗೂ ವ್ಯತ್ಯಾಸ ಇರುವುದಿಲ್ಲ. ಬರಬೇಕೋ ಬೇಡವೋ ನೀನೇ ಹೇಳಬೇಕು. ನಿನ್ನ ಪರವಾಗಿ ಹೇಳುವವರು ಈಗಾಗಲೇ ಒಬ್ಬರಿದ್ದಾರೆ.

ಒಂದನ್ನು ಮಾತ್ರ ಅಕ್ಕನ ಅಧಿಕಾರದಿಂದ ಹೇಳುತ್ತೇನೆ. ಮುಂದಿನ ಸಲ ಬಟ್ಟಲು ಬಂದಾಗ ತಿಂದುಬಿಡು. ಅವರು ಹೇಳುವ ಮೊದಲು, ಬಿಸಿ ಇರುವಾಗ. ಒಂದು ತುತ್ತು ಸಾಕು. ಆಮೇಲೆ ನಿನ್ನ ಮಾತಿನಲ್ಲಿ ನನಗೆ ಬರೆ, 'ಸೂಪರ್' ಅಥವಾ 'ಥೂ'.

ಅಕ್ಕ


ಅಕ್ಟೋಬರ್ ೧೫, ಬುಧವಾರ

ಅಕ್ಕಾ,

ಸೂಪರ್.

ಮೊನ್ನೆ ಸೋಮವಾರ ಮತ್ತೊಂದು ಜಪಾನಿ ಹೋಟೆಲು. ಚಿಕ್ಕದು, ಅಡುಗೆಯವಳು ಕಟ್ಟೆಯ ಆಚೆ ನಮ್ಮ ಮುಂದೆಯೇ ನಿಂತು ಬೇಯಿಸುತ್ತಾಳೆ. ವಯಸ್ಸಾದ ಹೆಂಗಸು, ತೋಳ ತುಂಬ ಸುಟ್ಟ ಕಲೆಗಳು. ಬಟ್ಟಲು ಇಟ್ಟಳು. ನಮ್ಮವರು ದೀಪ ಸರಿಸಿದರು, ನಾನು ನೂಡಲ್ಸ್ ಎತ್ತಿ ಹಿಡಿದೆ. ಅವಳಿಗೆ ಸಂಕಟವಾಗುತ್ತಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಕೊನೆಗೆ ತಡೆಯಲಾರದೆ, "ಆರ್ತಾ ಇದೆ, ತಿನ್ನಮ್ಮಾ" ಎಂದಳು. ನಮ್ಮವರು ನಗುತ್ತಲೇ, "ಒಂದು ನಿಮಿಷ" ಎಂದರು.

ನಾನು ತಿಂದೆ. ಒಂದು ತುತ್ತೆಂದು ಹೇಳಿದ್ದೆ ನೀನು, ನಿಲ್ಲಿಸಲಾಗಲಿಲ್ಲ. ಸೊರ್ ಸೊರ್ ಎಂದು ಎಳೆದುಕೊಂಡೆ. ನಾಲಿಗೆ ಸುಟ್ಟಿತು, ಗಂಟಲು ಸುಟ್ಟಿತು, ಕಣ್ಣು ಮೂಗೆಲ್ಲ ಸುರಿಯಿತು. ಬಟ್ಟಲನ್ನೇ ಎತ್ತಿ ಕುಡಿಯಲು ಹೋಗಿ ರಸ ಕೈಮೇಲೆ ಚೆಲ್ಲಿತು. ಇಬ್ಬರೂ ಒಟ್ಟಿಗೆ ಗಾಬರಿಯಾದರು. ನಮ್ಮವರು "ಕೈ ಸುಡ್ತಾ?" ಎಂದರು. ಅಡುಗೆಯವಳು "ನಾಲಿಗೆ ಸುಡ್ತಾ?" ಎಂದು ಕೇಳಿ ತಣ್ಣೀರು ಮುಂದಿಟ್ಟಳು. ನಾನು ಆ ನೀರನ್ನು ಕುಡಿದೆ, ಕೈಮೇಲೆ ಹಾಕಿಕೊಳ್ಳಲಿಲ್ಲ.

ರುಚಿ ಹೇಳುತ್ತೇನೆ, ನೆನಪಿಸಿಕೊ. ಮೊದಲು ಮೂಗಿಗೆ ಹುರಿದ ಬೆಳ್ಳುಳ್ಳಿ ಬಡಿಯುತ್ತದೆ, ನಮ್ಮ ಮನೆಯಲ್ಲಿ ಅಮ್ಮನ ಒಗ್ಗರಣೆ ಸೀದಾಗ ಬರುತ್ತಿತ್ತಲ್ಲ, ಅದಕ್ಕಿಂತ ಒಂದು ಹೆಜ್ಜೆ ಮುಂಚೆ. ಆಮೇಲೆ ಉಪ್ಪು, ಬೆವರು ನೆಕ್ಕಿದಷ್ಟು. ನೂಡಲ್ಸ್ ಹಲ್ಲಿಗೆ ಸಿಕ್ಕಿ ಸ್ವಲ್ಪ ಜಗಳವಾಡುತ್ತದೆ. ಮೊಟ್ಟೆಯ ಹಳದಿ ಇನ್ನೂ ಹರಿಯುತ್ತಿರುತ್ತದೆ, ಅದು ರಸಕ್ಕೆ ಸೇರಿದ ಕೂಡಲೇ ಎಲ್ಲ ಮೆತ್ತಗಾಗುತ್ತದೆ, ಸಿಹಿ ಅಲ್ಲ, ಸಿಹಿಯ ತಂಗಿ. ನುಂಗಿದ ಮೇಲೆ ಹೊಟ್ಟೆಯೊಳಗೆ ದೀಪ ಹಚ್ಚಿದ ಹಾಗೆ ಬೆಚ್ಚಗೆ. ಅಷ್ಟೇ ನನಗೆ ಗೊತ್ತಾದದ್ದು.

ಕಾರಿನಲ್ಲಿ ಅವರು ಶಾಂತವಾಗಿಯೇ ಇದ್ದರು. ಹೇಗೂ ಗುಳ್ಳೆ ಎದ್ದಿದೆ, ಕಲೆಯ ಜೊತೆ ಇದನ್ನೂ ತೋರಿಸೋಣ, ವೈದ್ಯರಿಗೆ ಹೇಳಿ ಗುರುವಾರಕ್ಕೇ ಗೊತ್ತು ಮಾಡುತ್ತೇನೆ ಎಂದರು. ನನಗೆ ಬೇಡ ಎಂದೆ. ಮದುವೆಯಾದ ಮೇಲೆ ಮೊದಲ ಸಲ ಆ ಮಾತು ಬಾಯಿಂದ ಬಂತು. "ಸುಸ್ತಾಗಿದ್ದೀಯ, ಮಲಗು" ಎಂದರು. ಮಾರನೆಯ ದಿನ ಅತ್ತೆ ನನ್ನ ಗುಳ್ಳೆಯನ್ನು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಈರುಳ್ಳಿಯನ್ನೂ ಚಾಕುವನ್ನೂ ತಂದು ನನ್ನ ಮುಂದಿಟ್ಟು, "ನನ್ನ ಬೆರಳು ನೋಯುತ್ತೆ, ನೀನೇ ಹೆಚ್ಚು" ಎಂದರು. ನನ್ನ ಕೈಗವಸು ಬಿಚ್ಚಿ ಬಚ್ಚಲಿನ ಬಕೆಟ್ಟಿಗೆ ಹಾಕಿದವರೂ ಅವರೇ.

ನಾಳೆ ಗುರುವಾರ. ನಿನ್ನೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ದರ್ಜಿ ಅಮ್ಮನನ್ನು ಕೇಳಿದೆ. ಅವರು ಹೇಳಿದರು. ಅಂಗಡಿ ಮುಚ್ಚುವ ಹೊತ್ತಾಯಿತು, ನಿಲ್ಲಿಸುತ್ತೇನೆ. ಗುಳ್ಳೆ ಎದ್ದ ಕೈಯಲ್ಲಿ ಬರೆದದ್ದು, ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ.

ಕಡ್ಡಿ


ನವೆಂಬರ್ ೧೯, ಬೆಳಗ್ಗೆ, ಒಲೆಯ ಪಕ್ಕ

ಅಕ್ಕಾ,

ನೀನು ಕಾರ್ಖಾನೆಯಿಂದ ಬರುವಷ್ಟರಲ್ಲಿ ನಾನು ನೂಡಲ್ಸ್ ಅಂಗಡಿಗೆ ಹೋಗಿರುತ್ತೇನೆ. ಇವತ್ತು ಮಧ್ಯಾಹ್ನದ ಪಾಳಿ. ಪಾತ್ರೆಯಲ್ಲಿ ರಸ ಇದೆ, ಅಂಗಡಿಯಲ್ಲಿ ಕಲಿತದ್ದು, ನಾನೇ ಮಾಡಿದ್ದು. ಪಕ್ಕದ ಮಂಚದವಳು ರಜೆಯಲ್ಲಿದ್ದಾಳೆ, ನೀನು ಬರುವ ಹೊತ್ತಿಗೆ ಒಲೆ ಹಚ್ಚಿ ಬಿಸಿ ಮಾಡಿಡುತ್ತಾಳೆ. ಗ್ಯಾಸ್ ನೀನು ಮುಟ್ಟಬೇಡ, ನಿನ್ನ ಮೂಗನ್ನು ನಂಬುವಂತಿಲ್ಲ. ಮುಚ್ಚಳವನ್ನು ಬಟ್ಟೆ ಹಿಡಿದು ತೆಗೆ. ನಮ್ಮಿಬ್ಬರಿಗೂ ಆ ಬುದ್ಧಿ ಇಲ್ಲವೆಂದು ಬರೆದಿಡುತ್ತಿದ್ದೇನೆ.

ನಮ್ಮವರು ಕಾರ್ಖಾನೆಗೆ ಮತ್ತೆ ಫೋನ್ ಮಾಡಿದರೆ ಕೆಲಸದಲ್ಲಿದ್ದಾಳೆ ಎನ್ನು. ನಿನ್ನೆ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಕೈ ಹೇಗಿದೆ ಎಂದು. ಬೆಳ್ಳುಳ್ಳಿ ಹೆಚ್ಚಿ ಎರಡು ಕಡೆ ಕೊಯ್ದುಕೊಂಡಿದ್ದೇನೆ, ಎಣ್ಣೆ ಸಿಡಿದು ಒಂದು ಕಡೆ ಸುಟ್ಟಿದೆ. ಹಳೆಯ ಕಲೆ ಇದ್ದಲ್ಲೇ ಇದೆ. ನಮ್ಮ ಅಂಗಡಿಯ ಕಿಟಕಿಯಲ್ಲಿರುವ ಬಟ್ಟಲು ನೀನು ಮಾಡಿದ್ದಂತೆ, ಯಜಮಾನಿ ಹೇಳಿದಳು. ಕಡ್ಡಿ ನೂಡಲ್ಸ್ ಎತ್ತಿಕೊಂಡು ಗಾಳಿಯಲ್ಲಿ ನಿಂತಿದೆ, ಹಿಡಿದ ಕೈ ಇಲ್ಲ. ದಿನಾ ಒಳಗೆ ಹೋಗುವಾಗ ಅದನ್ನು ನೋಡಿ ನಗು ಬರುತ್ತದೆ. ಕೆಲವು ದಿನ ನಗು ಬರುವುದಿಲ್ಲ, ಭಯವಾಗುತ್ತದೆ. ಆಗ ಬೇಗ ಒಳಗೆ ಹೋಗಿಬಿಡುತ್ತೇನೆ.

ಬಿಸಿ ಇರುವಾಗಲೇ ಕುಡಿ, ನನಗಾಗಿ ಕಾಯಬೇಡ. ರುಚಿ ಹೇಗಿದೆ ಎಂದು ಬಂದು ಹೇಳುತ್ತೇನೆ.

ಕಡ್ಡಿ


ಅದೇ ಹಾಳೆಯ ಹಿಂಬದಿ, ನವೆಂಬರ್ ೧೯, ಸಂಜೆ

ಕಡ್ಡಿ,

ಎರಡು ಬಟ್ಟಲು ಕುಡಿದೆ. ರುಚಿ ಗೊತ್ತಾಗಲಿಲ್ಲ, ಬಿಸಿ ಗೊತ್ತಾಯಿತು. ಬಟ್ಟೆ ಹಿಡಿಯುವುದು ಮರೆತು ಹೆಬ್ಬೆರಳು ಸುಟ್ಟುಕೊಂಡೆ, ನಗಬೇಡ.

ನಾನು ಯಜಮಾನರ ಹತ್ತಿರ ಮಾತಾಡಲು ಕಾರ್ಖಾನೆಗೆ ವಾಪಸು ಹೋಗುತ್ತಿದ್ದೇನೆ, ಪ್ಯಾಕಿಂಗ್ ಕೋಣೆಯಲ್ಲಿ ಜಾಗ ಇದೆಯಂತೆ, ಅಲ್ಲಿ ಹೊಗೆ ಇಲ್ಲ, ಕಿಟಕಿ ಇದೆ. ಕೊಡುತ್ತಾರೋ ಇಲ್ಲವೋ, ಕೇಳುತ್ತೇನೆ. ನಿನ್ನ ಪಾಲಿನದನ್ನು ಮುಚ್ಚಿಟ್ಟಿದ್ದೇನೆ. ಎಷ್ಟೇ ಸುಸ್ತಾಗಿದ್ದರೂ ಒಲೆ ಹಚ್ಚಿ ಬಿಸಿ ಮಾಡಿಕೊ. ಆರಿದ್ದನ್ನು ತಿನ್ನಬೇಡ.

ಅಕ್ಕ